ಚೀನೀ ವೈದ್ಯಪರಂಪರೆಯಲ್ಲಿ ಬಲವರ್ಧಕ ಮೂಲಿಕೆಗಳು: ಒಂದು ಚಾರಿತ್ರಿಕ ಅವಲೋಕನ

ಪ್ರಾಚೀನ ವೈದ್ಯಪದ್ಧತಿಗಳಲ್ಲಿ ಔಷಧಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ಕಂಡಿರುವುದುಂಟು. ಬಂದ ರೋಗವನ್ನು ಹೋಗಲಾಡಿಸುವುದು ಒಂದು ಬಗೆಯಾದರೆ, ದೇಹಬಲವನ್ನು ಹೆಚ್ಚಿಸಿ ರೋಗ ಬಾರದಂತೆ, ಮುಪ್ಪು ಬೇಗನೆ ಆವರಿಸದಂತೆ ಕಾಪಾಡುವುದು ಇನ್ನೊಂದು ಬಗೆ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಈ ವಿಂಗಡಣೆಯನ್ನು ಹೇಳಿಯೇ ರಸಾಯನಾಧ್ಯಾಯದಿಂದ ಆರಂಭವಾಗುತ್ತದೆ. ಚೀನೀ ವೈದ್ಯದಲ್ಲಿ ಈ ಎರಡನೆಯ ಬಗೆಯನ್ನು ಸೂಚಿಸುವ ಪದ ‘ಬು’. ತೇಪೆ ಹಾಕುವುದು, ಕೊರತೆಯನ್ನು ತುಂಬುವುದು ಎಂಬುದು ಅದರ ಮೂಲಾರ್ಥ. ಆದ್ದರಿಂದ ಆ ಪದದಲ್ಲಿಯೇ ಒಂದು ಷರತ್ತು ಅಡಗಿದೆ. ಕೊರತೆ ಇದ್ದಲ್ಲಿ ಮಾತ್ರ ತುಂಬುವ ಪ್ರಶ್ನೆ ಬರುತ್ತದೆ; ಕೊರತೆ ಇಲ್ಲದಲ್ಲಿ ಬರುವುದಿಲ್ಲ.

ಜಿನ್ಸೆಂಗ್, ಅತಿಮಧುರ, ಹುವಾಂಗ್‌ಚಿ, ದಾಂಗ್‌ಗುಯ್ ಮೊದಲಾದ ಮೂಲಿಕೆಗಳು ಇಂದು ಜಗತ್ತಿನ ಎಲ್ಲೆಡೆ ‘ಆರೋಗ್ಯವರ್ಧಕ’ಗಳೆಂದು ಮಾರಾಟವಾಗುತ್ತಿವೆ. ಎರಡು ಸಾವಿರ ವರ್ಷಗಳ ಅನುಭವದ ಬೆಂಬಲ ಇವುಗಳಿಗಿದೆ ಎಂಬ ಮಾತನ್ನು ಮಾರಾಟಗಾರರು ಮುಂದಿಡುತ್ತಾರೆ. ಆದರೆ ಆ ಎರಡು ಸಾವಿರ ವರ್ಷಗಳ ಇತಿಹಾಸವು ಹೊಗಳಿಕೆಯೊಂದರಿಂದಲೇ ಕೂಡಿದುದಲ್ಲ. ಬಲವರ್ಧಕಗಳನ್ನು ಯಾರಿಗೆ, ಯಾವಾಗ, ಯಾವ ಬೆಲೆ ತೆತ್ತು ಕೊಡಬೇಕೆಂಬ ವಾದವು ಚೀನೀ ವೈದ್ಯರ ನಡುವೆಯೇ ಶತಮಾನಗಳ ಕಾಲ ನಡೆದಿದೆ. ಆ ವಾದದ ಚಾರಿತ್ರಿಕ ಘಟ್ಟಗಳನ್ನು ಗುರುತಿಸುವುದು, ಆಧುನಿಕ ಪರೀಕ್ಷೆಗಳ ಫಲಿತಾಂಶವನ್ನು ಅದರ ಬೆಳಕಿನಲ್ಲಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಮೂರು ದರ್ಜೆಗಳ ವಿಂಗಡಣೆ

ಚೀನೀ ದ್ರವ್ಯಗುಣಶಾಸ್ತ್ರದ ಆದಿಗ್ರಂಥವೆಂದು ಪರಿಗಣಿತವಾದುದು ‘ಷೆನ್‌ನಾಂಗ್ ಬೆನ್‌ಸಾವೊ ಜಿಂಗ್’. ಪುರಾಣಪುರುಷನಾದ ಷೆನ್‌ನಾಂಗನ ಹೆಸರು ಇದಕ್ಕಿದ್ದರೂ ಇದು ಸಂಕಲಿತವಾದುದು ಹಾನ್ ರಾಜವಂಶದ ಕಾಲದಲ್ಲಿ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಇದರಲ್ಲಿ ವರ್ಷದ ದಿನಗಳ ಸಂಖ್ಯೆಗೆ ಸರಿಯಾಗಿ 365 ದ್ರವ್ಯಗಳನ್ನು ವರ್ಣಿಸಲಾಗಿದ್ದು, ಅವುಗಳನ್ನು ಉತ್ತಮ (120), ಮಧ್ಯಮ (120) ಮತ್ತು ಅಧಮ (125) ಎಂಬ ಮೂರು ದರ್ಜೆಗಳಾಗಿ ವಿಂಗಡಿಸಲಾಗಿದೆ. ಉತ್ತಮ ದರ್ಜೆಯವು ಆಯುಷ್ಯವನ್ನು ಪೋಷಿಸುವಂತಹವು, ವಿಷರಹಿತವಾದವು, ಬಹುಕಾಲ ಸೇವಿಸಿದರೂ ಹಾನಿ ಮಾಡದವು. ಅಧಮ ದರ್ಜೆಯವು ರೋಗವನ್ನು ಹೊಡೆದೋಡಿಸುವವು. ಅವುಗಳಲ್ಲಿ ಬಹುಪಾಲು ವಿಷಯುಕ್ತವಾದುದರಿಂದ ದೀರ್ಘಕಾಲ ಸೇವಿಸತಕ್ಕವಲ್ಲ. ಮೂಲಗ್ರಂಥವು ನಷ್ಟವಾಗಿದ್ದು, ಕ್ರಿ.ಶ. 500ರ ಸುಮಾರಿನಲ್ಲಿ ತಾವೊ ಹಾಂಗ್‌ಜಿಂಗ್ (456-536) ಎಂಬ ವಿದ್ವಾಂಸನು ದ್ರವ್ಯಗಳ ಸಂಖ್ಯೆಯನ್ನು 730ಕ್ಕೆ ಏರಿಸಿ ರಚಿಸಿದ ವ್ಯಾಖ್ಯಾನದ ಮೂಲಕ ಅದರ ಪಾಠವು ಮುಂದಿನವರಿಗೆ ದೊರಕಿತು.

ಜಿನ್ಸೆಂಗ್, ಅತಿಮಧುರ, ಹುವಾಂಗ್‌ಚಿ, ಗೌಚಿ ಹಣ್ಣು, ಲಿಂಗ್‌ಝಿ ಅಣಬೆ ಇವೆಲ್ಲ ಉತ್ತಮ ದರ್ಜೆಗೆ ಸೇರಿವೆ. ಜಿನ್ಸೆಂಗ್ ಬೇರು ಪಂಚಾಂಗಗಳನ್ನು ಪುಷ್ಟಿಗೊಳಿಸುತ್ತದೆ, ಮನಸ್ಸನ್ನು ಶಾಂತಗೊಳಿಸುತ್ತದೆ, ಕಣ್ಣಿಗೆ ಹೊಳಪನ್ನೂ ಬುದ್ಧಿಗೆ ಚುರುಕನ್ನೂ ಕೊಡುತ್ತದೆ ಎಂದು ಈ ಗ್ರಂಥವು ವರ್ಣಿಸುತ್ತದೆ. ಆದರೆ ಇದೇ ಉತ್ತಮ ದರ್ಜೆಯಲ್ಲಿ ಪಾದರಸದ ಅದಿರಾದ ಹಿಂಗುಲವೂ ಸೇರಿದೆ ಎಂಬುದನ್ನು ಮರೆಯುವಂತಿಲ್ಲ. ಪಾದರಸಾದಿಗಳಿಂದ ಸಿದ್ಧಪಡಿಸಿದ ಅಮರತ್ವದ ಗುಳಿಗೆಗಳನ್ನು ತಾಂಗ್ ವಂಶದ ಹಲವು ಸಾಮ್ರಾಟರು ಸೇವಿಸಿದರು. 846ರಲ್ಲಿ ತೀರಿಕೊಂಡ ವೂಝಾಂಗ್ ಮತ್ತು 859ರಲ್ಲಿ ತೀರಿಕೊಂಡ ಷುವಾನ್‌ಝಾಂಗ್ ಅವರ ಮರಣಕ್ಕೆ ಈ ಗುಳಿಗೆಗಳೇ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ‘ಬಹುಕಾಲ ಸೇವಿಸಿದರೂ ಹಾನಿಯಿಲ್ಲ’ ಎಂಬ ಶಾಸ್ತ್ರವಾಕ್ಯವು ತನ್ನಷ್ಟಕ್ಕೆ ಪ್ರಮಾಣವಾಗಲಾರದು ಎಂಬುದಕ್ಕೆ ಇದು ಮೊದಲ ನಿದರ್ಶನ.

ಉತ್ತಮ ದರ್ಜೆಯ ಬೇರುಗಳ ಬಗೆಗೆ ಚೀನೀಯರಿಗಿದ್ದ ಅಭಿಮಾನಕ್ಕೆ ಭಾರತದ ಸಂಬಂಧವುಳ್ಳ ಸಾಕ್ಷ್ಯವೊಂದಿದೆ. 671ರಲ್ಲಿ ಚೀನಾದಿಂದ ಹೊರಟು, ನಾಲಂದಾದಲ್ಲಿ ಸುಮಾರು ಹತ್ತು ವರ್ಷ ವ್ಯಾಸಂಗ ಮಾಡಿ, 695ರಲ್ಲಿ ಸ್ವದೇಶಕ್ಕೆ ಮರಳಿದ ಬೌದ್ಧಯಾತ್ರಿಕ ಇತ್ಸಿಂಗನು ತನ್ನ ವರದಿಯಲ್ಲಿ ವೈದ್ಯದ ವಿಚಾರಕ್ಕೆ ಪ್ರತ್ಯೇಕ ಅಧ್ಯಾಯಗಳನ್ನು ಮೀಸಲಿಟ್ಟಿದ್ದಾನೆ. ಜಿನ್ಸೆಂಗ್, ಫುಲಿಂಗ್, ದಾಂಗ್‌ಗುಯ್ ಮೊದಲಾದ ಚೀನಾದ ಶ್ರೇಷ್ಠ ಔಷಧಗಳು ಭಾರತದಲ್ಲಿ ದೊರೆಯುವುದಿಲ್ಲವೆಂದೂ ಭಾರತದಲ್ಲಿ ಅಳಲೆಕಾಯಿ ವಿಪುಲವಾಗಿದೆಯೆಂದೂ ಅವನು ದಾಖಲಿಸುತ್ತಾನೆ. ಹೀಗೆ ಎರಡು ದೇಶಗಳು ಬೇರೆ ಬೇರೆ ಸಸ್ಯಸಂಪತ್ತಿನಿಂದ ಒಂದೇ ಬಗೆಯ ಆಸೆಯನ್ನು ಈಡೇರಿಸಿಕೊಳ್ಳಲು ಯತ್ನಿಸಿದ್ದವು.

ಸರ್ಕಾರಿ ಔಷಧಾಲಯ ಮತ್ತು ಸಿದ್ಧಯೋಗಗಳು

ಚೀನೀ ವೈದ್ಯದಲ್ಲಿ ಮೂಲಿಕೆಯನ್ನು ಒಂಟಿಯಾಗಿ ಕೊಡುವುದಕ್ಕಿಂತ ಯೋಗಗಳಲ್ಲಿ ಬೆರೆಸಿ ಕೊಡುವುದೇ ಹೆಚ್ಚು. ಸಾಂಗ್ ವಂಶದ ಆಳ್ವಿಕೆಯಲ್ಲಿ, ವಾಂಗ್ ಆನ್‌ಷಿಯ ಸುಧಾರಣೆಗಳ ಭಾಗವಾಗಿ, 1076ರಲ್ಲಿ ರಾಜಧಾನಿ ಕಾಯ್‌ಫೆಂಗ್‌ನಲ್ಲಿ ಸರ್ಕಾರಿ ಔಷಧಾಲಯವು ಸ್ಥಾಪನೆಯಾಯಿತು. ಸಿದ್ಧಪಡಿಸಿದ ಔಷಧಗಳನ್ನು ಪ್ರಜೆಗಳಿಗೆ ಮಾರುವುದು ಅದರ ಕೆಲಸ. ಈ ಔಷಧಾಲಯದ ಯೋಗಸಂಗ್ರಹವು ಹಲವು ಬಾರಿ ಪರಿಷ್ಕೃತವಾಗಿ ಹನ್ನೆರಡನೆಯ ಶತಮಾನದ ಮಧ್ಯಭಾಗದಲ್ಲಿ ‘ತಾಯ್‌ಪಿಂಗ್ ಹುಯ್‌ಮಿನ್ ಹೆಜಿ ಜು ಫಾಂಗ್’ ಎಂಬ ಹೆಸರನ್ನು ಪಡೆಯಿತು.

ಇಂದಿಗೂ ಬಳಕೆಯಲ್ಲಿರುವ ಎರಡು ಪ್ರಮುಖ ಬಲವರ್ಧಕ ಯೋಗಗಳು ಈ ಸಂಗ್ರಹದಲ್ಲಿವೆ. ಮೊದಲನೆಯದು ‘ನಾಲ್ವರು ಸಜ್ಜನರು’ ಎಂಬ ಅರ್ಥದ ಸಿಜುನ್‌ಝಿ ಕಷಾಯ. ಜಿನ್ಸೆಂಗ್, ಬೈಝು, ಫುಲಿಂಗ್ ಮತ್ತು ಅತಿಮಧುರಗಳಿಂದ ಕೂಡಿದ ಇದು ‘ಚಿ’ ಅಥವಾ ಪ್ರಾಣಶಕ್ತಿಯ ಕೊರತೆಯನ್ನು ತುಂಬತಕ್ಕದ್ದು. ಎರಡನೆಯದು ‘ನಾಲ್ಕು ದ್ರವ್ಯಗಳು’ ಎಂಬ ಅರ್ಥದ ಸಿವು ಕಷಾಯ. ಷುದಿಹುವಾಂಗ್, ದಾಂಗ್‌ಗುಯ್, ಬೈಷಾವೊ ಮತ್ತು ಚುವಾನ್‌ಷಿಯಾಂಗ್‌ಗಳ ಈ ಯೋಗವು ರಕ್ತದ ಕೊರತೆಗೆ, ವಿಶೇಷವಾಗಿ ಸ್ತ್ರೀಯರ ವ್ಯಾಧಿಗಳಲ್ಲಿ, ವಿಹಿತವಾಗಿದೆ. ಮಂದಾಗ್ನಿ, ಸೋತ ದನಿ, ಬಿಳುಪೇರಿದ ಮುಖ, ದುರ್ಬಲ ನಾಡಿ ಇವು ಮೊದಲನೆಯ ಕೊರತೆಯ ಲಕ್ಷಣಗಳು. ತಲೆಸುತ್ತು, ಕಳೆಗುಂದಿದ ತುಟಿ ಉಗುರುಗಳು, ಅಲ್ಪ ಋತುಸ್ರಾವ ಇವು ಎರಡನೆಯದರವು. ಯಾಂಗ್ ಮತ್ತು ಯಿನ್‌ಗಳ ಕೊರತೆಯನ್ನೂ ಸೇರಿಸಿಕೊಂಡು ಬಲವರ್ಧಕಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸುವ ಕ್ರಮವು ಇಂದಿನ ಚೀನೀ ವೈದ್ಯ ಪಠ್ಯಗಳಲ್ಲಿ ರೂಢವಾಗಿದೆ.

ಸರ್ಕಾರಿ ಔಷಧಾಲಯದಿಂದ ಔಷಧಗಳು ಸುಲಭವಾಗಿ ಜನರ ಕೈಗೆ ಬಂದವು. ಆದರೆ ಅದರೊಂದಿಗೆ ನಾಡಿಪರೀಕ್ಷೆಯಿಲ್ಲದೆ, ಲಕ್ಷಣವೊಂದನ್ನೇ ನೋಡಿ ಪಟ್ಟಿಯಿಂದ ಔಷಧ ಆರಿಸಿಕೊಳ್ಳುವ ಅಭ್ಯಾಸವೂ ಬೆಳೆಯಿತು. ಯುವಾನ್ ವಂಶದ ಕಾಲದ ವೈದ್ಯ ಝು ಝೆನ್‌ಹೆಂಗ್ (1281-1358) ಈ ಅಭ್ಯಾಸವನ್ನು ಖಂಡಿಸಲೆಂದೇ ಸಂಗ್ರಹದ ವಿಮರ್ಶೆಯಾಗಿ ಒಂದು ಗ್ರಂಥವನ್ನು ರಚಿಸಿದನು.

ವೈದ್ಯಪಂಥಗಳ ವಾದ

ಹನ್ನೆರಡರಿಂದ ಹದಿನಾಲ್ಕನೆಯ ಶತಮಾನದವರೆಗಿನ ಜಿನ್ ಮತ್ತು ಯುವಾನ್ ವಂಶಗಳ ಅವಧಿಯು ಚೀನೀ ವೈದ್ಯದಲ್ಲಿ ಪಂಥಭೇದಗಳು ರೂಪುಗೊಂಡ ಕಾಲ. ಬಲವರ್ಧಕಗಳ ವಿಷಯದಲ್ಲಿ ಝಾಂಗ್ ತ್ಸುಂಗ್‌ಝೆಂಗ್ (ಸುಮಾರು 1156-1228) ಮತ್ತು ಲಿ ಗಾವೊ (1180-1251) ಪರಸ್ಪರ ವಿರುದ್ಧ ನಿಲುವುಗಳನ್ನು ಪ್ರತಿನಿಧಿಸುತ್ತಾರೆ.

ರೋಗವೆಂಬುದು ಹೊರಗಿನಿಂದ ದೇಹವನ್ನು ಹೊಕ್ಕ ವಸ್ತು. ಅದನ್ನು ಬೆವರಿಸಿ, ವಾಂತಿ ಮಾಡಿಸಿ, ವಿರೇಚನದಿಂದ ಹೊರಹಾಕಬೇಕು ಎಂಬುದು ಝಾಂಗ್‌ನ ಸಿದ್ಧಾಂತ. ಪುಷ್ಟಿಗೆ ಆಹಾರವೇ ಸಾಕು, ಔಷಧವಿರುವುದು ರೋಗವನ್ನು ಎದುರಿಸುವುದಕ್ಕೆ ಎಂದು ಅವನು ವಾದಿಸಿದನು. ಶ್ರೀಮಂತರು ಬಲವರ್ಧಕಗಳನ್ನು ಬಯಸುವುದೂ ವೈದ್ಯರು ಅವರನ್ನು ಮೆಚ್ಚಿಸಲು ಅವನ್ನೇ ಕೊಡುವುದೂ ಅವನ ಟೀಕೆಗೆ ಗುರಿಯಾಗಿವೆ.

ಲಿ ಗಾವೊನ ಅನುಭವವು ಬೇರೆಯಾಗಿತ್ತು. 1232ರಲ್ಲಿ ಮಂಗೋಲರು ಕಾಯ್‌ಫೆಂಗ್‌ಗೆ ಮುತ್ತಿಗೆ ಹಾಕಿದಾಗ ಅವನು ಆ ನಗರದಲ್ಲಿದ್ದನು. ಮುತ್ತಿಗೆ ಸಡಿಲಗೊಂಡ ಮೇಲೆ ಅಪಾರ ಸಂಖ್ಯೆಯ ಜನರು ಕಾಯಿಲೆಬಿದ್ದು ಸತ್ತರು. ವೈದ್ಯರು ಅದನ್ನು ಹೊರಗಿನಿಂದ ತಗುಲಿದ ಜ್ವರವೆಂದು ಭಾವಿಸಿ ಬೆವರಿಸುವ, ಭೇದಿ ಮಾಡಿಸುವ ಚಿಕಿತ್ಸೆ ನೀಡಿದರು. ಹಸಿವು, ದಣಿವು ಮತ್ತು ಭಯಗಳಿಂದ ಜಠರ ಹಾಗೂ ಪ್ಲೀಹಗಳು ಜರ್ಝರಿತವಾಗಿದ್ದ ಜನರಿಗೆ ಇಂತಹ ಚಿಕಿತ್ಸೆಯೇ ಮಾರಕವಾಯಿತೆಂಬುದು ಲಿ ಗಾವೊನ ತೀರ್ಮಾನ. ಹುವಾಂಗ್‌ಚಿ, ಜಿನ್ಸೆಂಗ್, ಅತಿಮಧುರ, ಬೈಝು, ದಾಂಗ್‌ಗುಯ್ ಮೊದಲಾದ ಎಂಟು ದ್ರವ್ಯಗಳ ‘ಬುಝಾಂಗ್ ಯಿಚಿ’ ಕಷಾಯವನ್ನು ಅವನು ರೂಪಿಸಿದ್ದು ಇಂತಹ ಬಳಲಿದ ದೇಹಗಳಿಗಾಗಿ. ಅವನ ‘ಪಿವೆಯ್ ಲುನ್’ (1249) ಈ ಪಂಥದ ಆಕರಗ್ರಂಥವಾಯಿತು.

ಈ ಇಬ್ಬರ ನಿಲುವುಗಳು ಮೇಲ್ನೋಟಕ್ಕೆ ವಿರುದ್ಧವೆನಿಸಿದರೂ ಇಬ್ಬರೂ ಎತ್ತಿದ ಪ್ರಶ್ನೆ ಒಂದೇ ಆಗಿತ್ತು. ರೋಗಿಯಲ್ಲಿರುವುದು ಕೊರತೆಯೋ ಅಥವಾ ದೋಷದ ಆಧಿಕ್ಯವೋ ಎಂಬುದನ್ನು ಮೊದಲು ನಿರ್ಣಯಿಸಬೇಕೆಂಬುದೇ ಆ ಪ್ರಶ್ನೆ. ಝಾಂಗ್ ಕಂಡದ್ದು ಉಂಡು ತಣಿದವರು ಬೇಡುವ ಬಲವರ್ಧಕವನ್ನು. ಲಿ ಗಾವೊ ಕಂಡದ್ದು ಹಸಿದವರಿಗೆ ಬೇಕಾದ ಬಲವರ್ಧಕವನ್ನು.

ಮಿಂಗ್ ವಂಶದ ಕಾಲಕ್ಕೆ ಲಿ ಗಾವೊನ ಪಂಥದ ಪ್ರಭಾವವು ಹೆಚ್ಚಾಯಿತು. ಝಾಂಗ್ ಜೀಬಿನ್ (1563-1640) ಎಂಬ ವೈದ್ಯನು ಜಿನ್ಸೆಂಗ್, ಷುದಿಹುವಾಂಗ್, ವತ್ಸನಾಭ ಜಾತಿಯ ಫುಝಿ ಮತ್ತು ರೇವಲ್ಚಿನ್ನಿ ಇವು ನಾಲ್ಕನ್ನು ಔಷಧಲೋಕದ ನಾಲ್ಕು ಆಧಾರಗಳೆಂದು ಕರೆದನು. ಮೊದಲೆರಡು ಶಾಂತಿಕಾಲದ ಮಂತ್ರಿಗಳಂತೆ, ಉಳಿದೆರಡು ಯುದ್ಧಕಾಲದ ಸೇನಾಪತಿಗಳಂತೆ ಎಂಬುದು ಅವನ ಹೋಲಿಕೆ. ಅವನು ಷುದಿಹುವಾಂಗ್‌ನ್ನು ಎಷ್ಟು ಬಳಸುತ್ತಿದ್ದನೆಂದರೆ ಜನರು ಅವನನ್ನು ‘ಝಾಂಗ್ ಷುದಿ’ ಎಂದೇ ಕರೆದರು.

ಬೇರಿನ ಬೆಲೆ

ವೈದ್ಯರ ವಾದವು ಗ್ರಂಥಗಳಲ್ಲಿ ನಡೆಯುತ್ತಿದ್ದಂತೆ ಅರಣ್ಯಗಳಲ್ಲಿ ಮತ್ತೊಂದು ಬಗೆಯ ಪರಿಣಾಮ ಉಂಟಾಗುತ್ತಿತ್ತು. ಜಿನ್ಸೆಂಗ್ ನೆರಳಿನ ಕಾಡಿನಲ್ಲಿ ಬಹು ನಿಧಾನವಾಗಿ ಬೆಳೆಯುವ ಗಿಡ. ಬಳಸುವುದು ಬೇರನ್ನಾದುದರಿಂದ ಬೇರು ಕಿತ್ತರೆ ಗಿಡವೇ ಹೋಗುತ್ತದೆ. ಪ್ರಾಚೀನ ಕಾಲದಲ್ಲಿ ಇಂದಿನ ಷಾನ್‌ಷಿ ಪ್ರಾಂತದ ಷಾಂಗ್‌ದಾಂಗ್ ಪ್ರದೇಶದ ಜಿನ್ಸೆಂಗ್ ಶ್ರೇಷ್ಠವೆನಿಸಿತ್ತು. 1,892 ದ್ರವ್ಯಗಳನ್ನು ವರ್ಣಿಸುವ ಮಹಾಕೋಶ ‘ಬೆನ್‌ಸಾವೊ ಗಾಂಗ್‌ಮು’ವನ್ನು 1578ರಲ್ಲಿ ಪೂರ್ಣಗೊಳಿಸಿದ ಲಿ ಷಿಜೆನ್ (1518-1593) ಈ ಪ್ರದೇಶದ ಬಗ್ಗೆ ಗಮನಾರ್ಹವಾದ ಮಾತೊಂದನ್ನು ದಾಖಲಿಸಿದ್ದಾನೆ. ಅಲ್ಲಿಯ ಜನರು ಜಿನ್ಸೆಂಗನ್ನು ತಮ್ಮ ಸೀಮೆಗೆ ಅಂಟಿದ ಪೀಡೆಯೆಂದು ಭಾವಿಸಿ ಅದನ್ನು ಸಂಗ್ರಹಿಸುವುದನ್ನೇ ನಿಲ್ಲಿಸಿದ್ದರು. ಅವನ ಕಾಲಕ್ಕೆ ಬಳಕೆಯಲ್ಲಿದ್ದುದೆಲ್ಲ ಲಿಯಾವೊದಾಂಗ್‌ನಿಂದ ಬರುತ್ತಿದ್ದ ಬೇರು.

ಲಿಯಾವೊದಾಂಗ್ ಮತ್ತು ಅದರಾಚೆಯ ಮಂಚೂರಿಯದ ಅರಣ್ಯಗಳು ಜುರ್ಚೆನ್ ಜನರ ನೆಲೆ. ಅವರ ನಾಯಕ ನೂರ್‌ಹಾಚಿಯ ಆರ್ಥಿಕ ಬಲಕ್ಕೆ ಜಿನ್ಸೆಂಗ್ ವ್ಯಾಪಾರವು ಒಂದು ಆಧಾರವಾಗಿತ್ತು. ಮಿಂಗ್ ವ್ಯಾಪಾರಿಗಳು ಖರೀದಿಯನ್ನು ಬೇಕೆಂದೇ ಮುಂದೂಡಿ, ಒದ್ದೆಯಾಗಿದ್ದ ಬೇರು ಕೊಳೆಯುವ ಹೊತ್ತಿಗೆ ಬೆಲೆ ಇಳಿಸುತ್ತಿದ್ದರು. 1605ರ ಸುಮಾರಿನಲ್ಲಿ ನೂರ್‌ಹಾಚಿಯು ಬೇರನ್ನು ಬೇಯಿಸಿ ಒಣಗಿಸಿಡುವ ಕ್ರಮವನ್ನು ಜಾರಿಗೆ ತಂದು, ನಿಧಾನವಾಗಿ ಮಾರಿ ಒಳ್ಳೆಯ ಬೆಲೆ ಪಡೆದನೆಂದು ಮಂಚೂ ದಾಖಲೆಗಳು ಹೇಳುತ್ತವೆ. 1644ರಲ್ಲಿ ಅವನ ವಂಶಜರು ಬೀಜಿಂಗನ್ನು ವಶಪಡಿಸಿಕೊಂಡು ಚಿಂಗ್ ಆಳ್ವಿಕೆಯನ್ನು ಸ್ಥಾಪಿಸಿದ ಮೇಲೆ ಜಿನ್ಸೆಂಗ್ ಸಂಗ್ರಹವು ರಾಜಸ್ವಾಮ್ಯದ ವ್ಯವಹಾರವಾಯಿತು. ಪರವಾನಗಿಯಿಲ್ಲದೆ ಬೇರು ಕೀಳುವುದು ಶಿಕ್ಷಾರ್ಹ ಅಪರಾಧವಾಯಿತು.

ಕಾಂಗ್‌ಷಿ ಸಾಮ್ರಾಟನ ಆದೇಶದಂತೆ ಮಂಚೂರಿಯದ ನಕ್ಷೆ ತಯಾರಿಸಲು ಹೋದ ಫ್ರೆಂಚ್ ಜೆಸುಯಿಟ್ ಪಾದ್ರಿ ಪಿಯರ್ ಜಾರ್ತೂ 1709ರಲ್ಲಿ ಜಿನ್ಸೆಂಗ್ ಸಂಗ್ರಹವನ್ನು ಕಣ್ಣಾರೆ ಕಂಡನು. ಹತ್ತು ಸಾವಿರ ಜನರನ್ನು ಈ ಕೆಲಸಕ್ಕೆ ನೇಮಿಸಲಾಗಿತ್ತೆಂದೂ ಪ್ರತಿಯೊಬ್ಬನೂ ಉತ್ತಮ ಬೇರಿನಲ್ಲಿ ಎರಡು ಔನ್ಸ್‌ಗಳನ್ನು ಸಾಮ್ರಾಟನಿಗೆ ಒಪ್ಪಿಸಬೇಕಿತ್ತೆಂದೂ ಅವನು 1711ರ ಪತ್ರದಲ್ಲಿ ಬರೆದನು. ಇಂತಹ ಗಿಡವು ಬೇರೆಲ್ಲಿಯಾದರೂ ಬೆಳೆಯುವುದಾದರೆ ಅದು ಕೆನಡಾದಲ್ಲಿ ಇರಬೇಕೆಂಬ ಅವನ ಊಹೆಯನ್ನು ಓದಿದ ಜೋಸೆಫ್ ಫ್ರಾಂಸ್ವಾ ಲಾಫಿತೋ ಎಂಬ ಪಾದ್ರಿಯು 1716ರಲ್ಲಿ ಮಾಂಟ್ರಿಯಲ್ ಬಳಿ, ಮೊಹಾಕ್ ಜನರ ನೆರವಿನಿಂದ, ಅದೇ ಕುಲದ ಗಿಡವನ್ನು ಗುರುತಿಸಿದನು. ಅಮೆರಿಕದ ಬೇರು ಚೀನಾದ ಮಾರುಕಟ್ಟೆಗೆ ಹರಿಯತೊಡಗಿತು. 1784ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಕ್ಯಾಂಟನ್ನಿಗೆ ಹೊರಟ ‘ಎಂಪ್ರೆಸ್ ಆಫ್ ಚೈನಾ’ ಎಂಬ ಹಡಗು, ಹೊಸದಾಗಿ ಸ್ವತಂತ್ರವಾದ ಅಮೆರಿಕದಿಂದ ಚೀನಾಕ್ಕೆ ಹೋದ ಮೊದಲ ವ್ಯಾಪಾರಿ ಹಡಗು. ಅದರಲ್ಲಿದ್ದ ಮುಖ್ಯ ಸರಕು ಸುಮಾರು 30 ಟನ್ ಜಿನ್ಸೆಂಗ್.

1757ರ ಎರಡು ಗ್ರಂಥಗಳು

ಈ ವ್ಯಾಪಾರದ ವೈದ್ಯಕೀಯ ಪರಿಣಾಮವನ್ನು ಅರಿಯಲು 1757ರಲ್ಲಿ ಸಿದ್ಧವಾದ ಎರಡು ಗ್ರಂಥಗಳು ನೆರವಾಗುತ್ತವೆ. ಮೊದಲನೆಯದು ವು ಯಿಲುವೊನ ‘ಬೆನ್‌ಸಾವೊ ತ್ಸುಂಗ್‌ಷಿನ್’. ಅಮೆರಿಕದ ಬೇರಿಗೆ ‘ಪಶ್ಚಿಮ ಸಾಗರದ ಷೆನ್’ ಎಂಬ ಹೆಸರಿತ್ತು, ಅದು ಶೀತಗುಣವುಳ್ಳದ್ದೆಂದು ಈ ಗ್ರಂಥವು ನಿರೂಪಿಸುತ್ತದೆ. ದಾಂಗ್‌ಷೆನ್ ಎಂಬ ಬೇರೆ ಕುಲದ ಅಗ್ಗದ ಬೇರಿಗೂ ಇದರಲ್ಲಿ ಸ್ಥಾನ ದೊರೆತಿದೆ. ಷಾಂಗ್‌ದಾಂಗ್‌ನ ಜಿನ್ಸೆಂಗ್ ಕಣ್ಮರೆಯಾದರೂ ಆ ಊರಿನ ಹೆಸರು ಬದಲಿ ಬೇರಿಗೆ ಉಳಿದುಕೊಂಡಿತು. ಇಂದು ಸಾಮಾನ್ಯ ಜನರ ಕಷಾಯಗಳಲ್ಲಿ ಜಿನ್ಸೆಂಗ್‌ಗೆ ಬದಲಾಗಿ ಹೆಚ್ಚಾಗಿ ಬಳಕೆಯಾಗುವುದು ಈ ದಾಂಗ್‌ಷೆನ್.

ಎರಡನೆಯದು ಷೂ ದಾಚುನ್ (1693-1771) ಎಂಬ ಪ್ರಸಿದ್ಧ ವೈದ್ಯನ ‘ಯಿಷುವೆ ಯುವಾನ್‌ಲಿಯು ಲುನ್’. ಇದರಲ್ಲಿ ಜಿನ್ಸೆಂಗ್ ಕುರಿತಾಗಿಯೇ ಒಂದು ಪ್ರತ್ಯೇಕ ಪ್ರಬಂಧವಿದೆ. ಜಿನ್ಸೆಂಗ್‌ನ ಗುಣವನ್ನು ಷೂ ಅಲ್ಲಗಳೆಯುವುದಿಲ್ಲ. ಅವನ ಆಕ್ಷೇಪವಿರುವುದು ಅದರ ಬಳಕೆಯ ರೀತಿಗೆ. ದೇಹದಲ್ಲಿ ರೋಗದೋಷವು ಇನ್ನೂ ಇರುವಾಗಲೇ ಬಲವರ್ಧಕವನ್ನು ಕೊಟ್ಟರೆ ಆ ದೋಷವೇ ಬಲಗೊಳ್ಳುತ್ತದೆ ಎಂಬುದು ಅವನ ಮೊದಲ ವಾದ. ಎರಡನೆಯದು ವೈದ್ಯವೃತ್ತಿಯ ನೀತಿಗೆ ಸಂಬಂಧಿಸಿದ್ದು. ದುಬಾರಿ ಔಷಧವನ್ನು ಕೊಟ್ಟ ಮೇಲೆ ರೋಗಿ ಸತ್ತರೆ ಯಾರೂ ವೈದ್ಯನನ್ನು ದೂರುವುದಿಲ್ಲ. ಕೊಡಿಸದಿದ್ದರೆ ಮಕ್ಕಳು ಕರ್ತವ್ಯಭ್ರಷ್ಟರೆನಿಸುತ್ತಾರೆ. ಹೀಗಾಗಿ ವೈದ್ಯನು ಅಪವಾದದಿಂದ ಪಾರಾಗಲು ಅದನ್ನು ಬರೆಯುತ್ತಾನೆ, ಬಡ ಕುಟುಂಬವು ಇದ್ದುದನ್ನೆಲ್ಲ ಮಾರಿ ಅದನ್ನು ತರುತ್ತದೆ. ಕೊನೆಗೆ ಮನೆಯೂ ಹಾಳಾಗುತ್ತದೆ, ರೋಗಿಯೂ ಉಳಿಯುವುದಿಲ್ಲ. ಔಷಧದ ಬೆಲೆಯನ್ನು ಅದರ ಗುಣದ ಅಳತೆಗೋಲೆಂದು ಭಾವಿಸುವ ಮನೋಧರ್ಮವನ್ನು ಇಷ್ಟು ನಿಷ್ಠುರವಾಗಿ ವಿಶ್ಲೇಷಿಸಿದ ಬರೆಹಗಳು ವೈದ್ಯಸಾಹಿತ್ಯದಲ್ಲಿ ವಿರಳ.

ಷೂ ದಾಚುನ್‌ನ ಮೊದಲ ವಾದಕ್ಕೆ ಆಯುರ್ವೇದದಲ್ಲಿ ಸಮಾನಾಂತರವಿದೆ. ರಸಾಯನ ಸೇವನೆಗೆ ಮುನ್ನ ಶೋಧನಕರ್ಮವಾಗಬೇಕೆಂದು ಚರಕ, ಸುಶ್ರುತ ಸಂಹಿತೆಗಳೆರಡೂ ವಿಧಿಸುತ್ತವೆ. ಕೊಳೆಯಾದ ಬಟ್ಟೆಗೆ ಬಣ್ಣ ಹಿಡಿಯದಂತೆ ಶುದ್ಧಿಯಾಗದ ದೇಹದಲ್ಲಿ ರಸಾಯನವು ಫಲಿಸದು ಎಂಬುದು ಸುಶ್ರುತನ ಆಶಯ. ಎರಡೂ ಪರಂಪರೆಗಳು ಬಲವರ್ಧಕಕ್ಕೆ ಪೂರ್ವಭಾವಿಯಾದ ಷರತ್ತುಗಳನ್ನು ವಿಧಿಸಿದ್ದುವು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆಧುನಿಕ ಪರೀಕ್ಷೆಗಳು

ಇಪ್ಪತ್ತನೆಯ ಶತಮಾನದಲ್ಲಿ ಚೀನೀ ಮೂಲಿಕೆಗಳು ಪ್ರಯೋಗಶಾಲೆಯನ್ನು ಪ್ರವೇಶಿಸಿದವು. ಬೀಜಿಂಗ್‌ನ ಪೀಕಿಂಗ್ ಯೂನಿಯನ್ ವೈದ್ಯಕೀಯ ಕಾಲೇಜಿನಲ್ಲಿ ಚೆನ್ ಕೆಹುಯ್ ಮತ್ತು ಕಾರ್ಲ್ ಶ್ಮಿಟ್ 1920ರ ದಶಕದಲ್ಲಿ ದಾಂಗ್‌ಗುಯ್ ಬೇರಿನ ಅಧ್ಯಯನವನ್ನೂ ಕೈಗೊಂಡರು. ಆದರೆ ಅವರಿಗೆ ಕೀರ್ತಿ ತಂದದ್ದು ಮಾಹುವಾಂಗ್ ಎಂಬ ಗಿಡದ ಎಫೆಡ್ರಿನ್ ಮೇಲಿನ ಸಂಶೋಧನೆ. ಮಲೇರಿಯಕ್ಕೆ ಔಷಧವಾದ ಆರ್ಟೆಮಿಸಿನಿನ್‌ಗಾಗಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಪ್ರಾಚೀನ ವಿಂಗಡಣೆಯಲ್ಲಿ ಮಾಹುವಾಂಗ್ ಮಧ್ಯಮ ದರ್ಜೆಗೂ ಆರ್ಟೆಮಿಸಿನಿನ್‌ನ ಮೂಲವಾದ ಚಿಂಗ್‌ಹಾವೊ ಅಧಮ ದರ್ಜೆಗೂ ಸೇರಿದ್ದವು. ಚೀನೀ ಔಷಧಕೋಶದಿಂದ ಜಗತ್ತಿಗೆ ದೊರೆತ ಈ ಎರಡು ಪ್ರಸಿದ್ಧ ಔಷಧಗಳಲ್ಲಿ ಒಂದೂ ಉತ್ತಮ ದರ್ಜೆಯ ಬಲವರ್ಧಕದಿಂದ ಬಂದುದಲ್ಲ ಎಂಬ ಸಂಗತಿಯು ವಿಚಾರಾರ್ಹವಾಗಿದೆ. ನಿರ್ದಿಷ್ಟ ರೋಗದ ಮೇಲಿನ ಪರಿಣಾಮವನ್ನು ಅಳೆಯಬಹುದು. ‘ದೇಹವನ್ನು ಹಗುರಗೊಳಿಸುತ್ತದೆ, ಆಯುಷ್ಯವನ್ನು ಹೆಚ್ಚಿಸುತ್ತದೆ’ ಎಂಬಂತಹ ಮಾತನ್ನು ಅಳೆಯುವುದು ಕಷ್ಟ.

ಅಳೆಯಲು ಸಾಧ್ಯವಾದಲ್ಲಿ ದೊರೆತ ಫಲಿತಾಂಶಗಳು ಮಿಶ್ರವಾಗಿವೆ. ಜಿನ್ಸೆಂಗ್ ಆರೋಗ್ಯವಂತರ ಬುದ್ಧಿಶಕ್ತಿಯನ್ನು ಹೆಚ್ಚಿಸುತ್ತದೆ ಎನ್ನಲು ಮನವರಿಕೆಯಾಗುವ ಆಧಾರವಿಲ್ಲವೆಂದು 2010ರ ಕಾಕ್ರೇನ್ ಸಮೀಕ್ಷೆಯು ತೀರ್ಮಾನಿಸಿತು. ದಾಂಗ್‌ಗುಯ್ ಬೇರನ್ನು ಒಂಟಿಯಾಗಿ 24 ವಾರ ಸೇವಿಸಿದ ಋತುಬಂಧೋತ್ತರ ಸ್ತ್ರೀಯರಿಗೂ ಹುಸಿಗುಳಿಗೆ ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲವೆಂದು 1997ರ, 71 ಮಂದಿಯ ಅಧ್ಯಯನವು ತಿಳಿಸಿತು. ಆದರೆ ಚೀನೀ ವೈದ್ಯದಲ್ಲಿ ಆ ಬೇರನ್ನು ಸಾಮಾನ್ಯವಾಗಿ ಒಂಟಿಯಾಗಿ ಕೊಡುವುದಿಲ್ಲ ಎಂಬ ಆಕ್ಷೇಪವೂ ಗಮನಾರ್ಹವೇ. ಇನ್ನೊಂದೆಡೆ, ಕ್ಯಾನ್ಸರ್‌ಗೆ ಸಂಬಂಧಿಸಿದ ಬಳಲಿಕೆಯುಳ್ಳ 364 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 2,000 ಮಿಲಿಗ್ರಾಂ ಅಮೆರಿಕದ ಜಿನ್ಸೆಂಗ್ ಸೇವಿಸಿದವರಲ್ಲಿ ಎಂಟು ವಾರಗಳ ಕೊನೆಗೆ ಬಳಲಿಕೆ ಹೆಚ್ಚು ತಗ್ಗಿತ್ತು. ಆರೋಗ್ಯವಂತರಲ್ಲಿ ಕಾಣದ ಪ್ರಯೋಜನವು ನಿಜವಾಗಿ ಬಳಲಿದವರಲ್ಲಿ ಕಂಡುಬಂದಿರುವುದು, ಒಂದೇ ಅಧ್ಯಯನದಿಂದ ಸಿದ್ಧಾಂತ ಕಟ್ಟಲಾಗದಾದರೂ, ಲಿ ಗಾವೊನ ನಿಲುವನ್ನು ನೆನಪಿಗೆ ತರುತ್ತದೆ.

ನಿರಪಾಯಕಾರಿ ಎಂಬ ಪ್ರಾಚೀನ ನಂಬಿಕೆಯೂ ಪರೀಕ್ಷೆಗೆ ಒಳಗಾಗಿದೆ. ಅತಿಮಧುರವನ್ನು ಹೆಚ್ಚು ಪ್ರಮಾಣದಲ್ಲಿ ಬಹುದಿನ ಸೇವಿಸಿದರೆ ಅದರಲ್ಲಿರುವ ಗ್ಲಿಸಿರೈಜಿನ್ ರಕ್ತದೊತ್ತಡವನ್ನು ಏರಿಸಿ ರಕ್ತದಲ್ಲಿನ ಪೊಟ್ಯಾಸಿಯಂ ಅಂಶವನ್ನು ಇಳಿಸುತ್ತದೆ. ಜಿನ್ಸೆಂಗ್, ದಾಂಗ್‌ಗುಯ್‌ಗಳು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧದ ಪರಿಣಾಮವನ್ನು ಏರುಪೇರು ಮಾಡಬಲ್ಲವು. ನರೆತ ಕೂದಲನ್ನು ಕಪ್ಪಾಗಿಸುವುದೆಂದು ತಾಂಗ್ ಕಾಲದಿಂದ ಪ್ರಸಿದ್ಧವಾದ ಹೆಷೌವು ಬೇರಿನಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿ, 2006ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು ಎಚ್ಚರಿಕೆ ನೀಡಿತು. 2014ರಲ್ಲಿ ಚೀನಾ ಸರ್ಕಾರವೇ ಆರೋಗ್ಯ ಆಹಾರಗಳಲ್ಲಿ ಅದರ ಪ್ರಮಾಣಕ್ಕೆ ಮಿತಿ ವಿಧಿಸಿತು. ಕೃಷಿ ಮಾಡಿದ ಜಿನ್ಸೆಂಗನ್ನು 2012ರಲ್ಲಿ ಆಹಾರವೆಂದು ಅಂಗೀಕರಿಸುವಾಗಲೂ ಚೀನಾದ ಆರೋಗ್ಯ ಸಚಿವಾಲಯವು ದಿನಕ್ಕೆ 3 ಗ್ರಾಂ ಮೀರಬಾರದೆಂದೂ ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು 14 ವರ್ಷದೊಳಗಿನ ಮಕ್ಕಳಿಗೆ ಅದು ತಕ್ಕದ್ದಲ್ಲವೆಂದೂ ಸೂಚಿಸಿತು.

ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಚೀನೀ ಪರಂಪರೆಯು ಬಲವರ್ಧಕ ಮೂಲಿಕೆಗಳಿಗೆ ಅತ್ಯುನ್ನತ ಸ್ಥಾನ ನೀಡಿದ್ದು ನಿಜ. ಆದರೆ ಆ ಪರಂಪರೆಯ ಶ್ರೇಷ್ಠ ವೈದ್ಯರು ಅವುಗಳನ್ನು ಎಲ್ಲರಿಗೂ ಎಲ್ಲ ಕಾಲಕ್ಕೂ ವಿಧಿಸಲಿಲ್ಲ. ರೋಗಿಯ ಸ್ಥಿತಿ, ದೋಷದ ಇರುವಿಕೆ, ಯೋಗದ ಸ್ವರೂಪ, ಕೊನೆಗೆ ಕುಟುಂಬದ ಶಕ್ತಿ ಇವೆಲ್ಲವೂ ಅವರ ವಿಚಾರದ ವ್ಯಾಪ್ತಿಯಲ್ಲಿದ್ದವು. ಬೇರು ಸರಕಾಗಿ ಖಂಡಾಂತರ ಸಾಗಿದಂತೆ ಅದರ ಗುಣಗಳ ವರ್ಣನೆಯೂ ಅದರೊಂದಿಗೆ ಸಾಗಿತು. ಷರತ್ತುಗಳು ಮಾತ್ರ ಹಿಂದೆ ಉಳಿದವು. ಕಾಡಿನ ಮೇಲಾದ ಪರಿಣಾಮವೂ ಇದರ ಒಂದು ಮುಖವೇ. ಅಮೆರಿಕದ ಕಾಡು ಜಿನ್ಸೆಂಗ್‌ನ ಅಂತರರಾಷ್ಟ್ರೀಯ ವ್ಯಾಪಾರವನ್ನು 1975ರಲ್ಲಿ ನಿಯಂತ್ರಣಕ್ಕೆ ಒಳಪಡಿಸಬೇಕಾಯಿತು.

ಅಶ್ವಗಂಧವನ್ನು ‘ಭಾರತದ ಜಿನ್ಸೆಂಗ್’ ಎಂದು ಹೆಸರಿಸಿ ಮಾರುವ ರೂಢಿ ಇಂದು ಬೆಳೆದಿದೆ. ಈ ಎರಡು ಗಿಡಗಳಿಗೆ ಸಸ್ಯಶಾಸ್ತ್ರದ ದೃಷ್ಟಿಯಿಂದ ಯಾವ ನಂಟೂ ಇಲ್ಲ. ನಂಟಿರುವುದು ಮಾರಾಟದ ಮಾತಿನಲ್ಲಿ ಮಾತ್ರ. ಪರಂಪರೆಯನ್ನು ಆಧಾರವಾಗಿ ಉಲ್ಲೇಖಿಸುವವರು ಅದು ಹೇಳಿದ ಗುಣಗಳೊಂದಿಗೆ ಅದು ವಿಧಿಸಿದ ಮಿತಿಗಳನ್ನೂ ಉಲ್ಲೇಖಿಸುವುದು ಅಗತ್ಯ. ಜಿನ್ಸೆಂಗ್‌ನ ಎರಡು ಸಾವಿರ ವರ್ಷಗಳ ಚರಿತ್ರೆಯಲ್ಲಿ ಲಿ ಗಾವೊನ ಅನುಭವಕ್ಕೆ ಎಷ್ಟು ಬೆಲೆಯಿದೆಯೋ ಷೂ ದಾಚುನ್‌ನ ಎಚ್ಚರಿಕೆಗೂ ಅಷ್ಟೇ ಬೆಲೆಯಿದೆ.